ದಿಬ್ಬ ಹತ್ತುವ ಓಟ

ಅಮೆರಿಕದಲ್ಲಿರುವ ಮಗನೋ ಮಗಳೋ ನಸುಕಿನಲ್ಲೆದ್ದು ಒಂದೇ ದಿಬ್ಬವನ್ನು ಐದಾರು ಬಾರಿ ಓಡಿ ಹತ್ತುತ್ತಾರೆಂದು ಕೇಳಿದಾಗ ಊರಿನ ಹಿರಿಯರು ಗಾಬರಿಗೊಳ್ಳುವುದು ಸಹಜ. ಸಮತಟ್ಟಾದ ರಸ್ತೆಯೇ ಇಲ್ಲವೇ ಎಂದು ಕೇಳುತ್ತಾರೆ. ಬಾಸ್ಟನ್ ಸುತ್ತಮುತ್ತ ಹಲವು ವರ್ಷ ಓಡಿದ ನನ್ನ ಅಭಿಪ್ರಾಯದಲ್ಲಿ, ಪರದೇಶಕ್ಕೆ ಬಂದವರಿಗೆ ರಸ್ತೆಗಿಂತ ದಿಬ್ಬವೇ ಹೆಚ್ಚು ಉಪಕಾರಿ.

ಬಾಸ್ಟನ್ ಮ್ಯಾರಥಾನಿನ ಹಾದಿಯಲ್ಲಿ 20 ಮೈಲಿ ದಾಟಿದ ಮೇಲೆ, ನ್ಯೂಟನ್ ಪಟ್ಟಣದಲ್ಲಿ, ‘ಹಾರ್ಟ್‌ಬ್ರೇಕ್ ಹಿಲ್’ ಎದುರಾಗುತ್ತದೆ. 1936ರಲ್ಲಿ ಜಾನಿ ಕೆಲ್ಲಿ ಇಲ್ಲಿನ ಏರಿನಲ್ಲಿ ಟಾರ್ಜನ್ ಬ್ರೌನರನ್ನು ಹಿಂದಿಕ್ಕುವಾಗ ಸಮಾಧಾನ ಹೇಳುವಂತೆ ಬೆನ್ನು ತಟ್ಟಿದರಂತೆ. ಕೆರಳಿದ ಬ್ರೌನ್ ಮುನ್ನುಗ್ಗಿ ಗೆದ್ದರು. ಕೆಲ್ಲಿಯ ನಿರಾಸೆಯೇ ದಿಬ್ಬದ ಹೆಸರಾಯಿತು. ಅದರ ಏರಿಕೆ ಸುಮಾರು 27 ಮೀಟರ್ ಅಷ್ಟೇ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ನಗು ಬಂದೀತು. ಆದರೆ 32 ಕಿ.ಮೀ. ಓಡಿ ಬಂದ ಕಾಲುಗಳಿಗೆ ಅದು ನಗುವ ಮಾತಲ್ಲ.

ಏರಿನಲ್ಲಿ ಪೃಷ್ಠ, ತೊಡೆ, ಮೀನಖಂಡಗಳು ಒಟ್ಟಿಗೆ ದುಡಿಯುತ್ತವೆ. ವೇಗ ಕಡಿಮೆಯಿದ್ದರೂ ಹೃದಯ ಜೋರಾಗಿ ಬಡಿಯುತ್ತದೆ. ಪಾದ ನೆಲಕ್ಕೆ ಅಪ್ಪಳಿಸುವ ರಭಸ ಮಾತ್ರ ತಗ್ಗುತ್ತದೆ. ಎಲ್ಲರೂ ಏರಿಗೆ ಅಂಜುತ್ತಾರೆ, ಆದರೆ ತೊಡೆಯನ್ನು ನಿಜಕ್ಕೂ ದಣಿಸುವುದು ಇಳಿಜಾರು. ಅಲ್ಲಿ ಸ್ನಾಯು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕು. ಎರಡು ದಿನ ಮೆಟ್ಟಿಲಿಳಿಯಲು ಕಷ್ಟವಾಗುವುದು ಇದರಿಂದಲೇ. ಸ್ವಲ್ಪಸ್ವಲ್ಪವಾಗಿ ರೂಢಿಸಿಕೊಂಡರೆ ಅದೇ ಸ್ನಾಯು ಮುಂದಿನ ಬಾರಿ ಅಷ್ಟು ನೋಯುವುದಿಲ್ಲ.

ಮನಸ್ಸಿನ ಲಾಭ ನನಗೆ ಇದಕ್ಕಿಂತ ದೊಡ್ಡದೆನಿಸುತ್ತದೆ. ವಲಸೆ ಬಂದವರ ಬದುಕು ಅಂಕಿಗಳ ಕೈಯಲ್ಲಿದೆ: ವೀಸಾದ ಅವಧಿ, ಸಂಬಳ, ಕಚೇರಿಯ ವಾರ್ಷಿಕ ಮೌಲ್ಯಮಾಪನ. ಓಡಲು ಹೊರಟರೆ ಕೈಗಡಿಯಾರವೂ ವೇಗವನ್ನು ತೋರಿಸಿ ಕಾಡುತ್ತದೆ. ದಿಬ್ಬದಲ್ಲಿ ಆ ಅಂಕಿಗೆ ಅರ್ಥವಿಲ್ಲ. ಉಸಿರನ್ನೇ ನಂಬಬೇಕು. ಮೇಲೆ ತಲುಪುವ ಆ ಒಂದು ನಿಮಿಷ ಬೇರೆ ಚಿಂತೆಗೆ ಎಡೆಯೇ ಇರುವುದಿಲ್ಲ. ಕತ್ತಲೆ ಬೇಗ ಕವಿಯುವ ಮೊದಲ ಚಳಿಗಾಲದಲ್ಲಿ, ಮಾತನಾಡಲು ಜನರಿಲ್ಲದ ಮನೆಯಲ್ಲಿ, ಆ ಒಂದು ನಿಮಿಷ ಅಲ್ಪವಲ್ಲ.

ಇಲ್ಲಿಗೆ ಬರುವ ಸಿದ್ಧತೆಯಲ್ಲಿರುವವರು ಊರಿನಲ್ಲೇ ಆರಂಭಿಸಬಹುದು. ವಾರಕ್ಕೊಮ್ಮೆ, ನಾಲ್ಕು ಬಾರಿ, ಒಂದು ನಿಮಿಷ ಏರಿ ನಡೆದು ಇಳಿದರೆ ಸಾಕು. ಹೃದ್ರೋಗವೋ ಮಂಡಿನೋವೋ ಇದ್ದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಇನ್ನು ಹಿರಿಯರ ಆತಂಕದಲ್ಲಿ ಒಂದನ್ನು ಒಪ್ಪುತ್ತೇನೆ: ಮಂಜುಗಡ್ಡೆ ಕಟ್ಟಿದ ಜನವರಿಯ ಇಳಿಜಾರು ಅಪಾಯಕರ. ಅಂದು ಟ್ರೆಡ್‌ಮಿಲ್ಲನ್ನು ತುಸು ಏರಿಸಿಕೊಂಡು ಒಳಗೇ ಓಡಲಿ.