ಜ್ವರದ ಚೀಟಿಯಲ್ಲಿ ಪ್ರವಾಸಕ್ಕೂ ಒಂದು ಸಾಲಿರಲಿ

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ, ಅಲ್ಲಿ ಸಿಲುಕಿದವರ ಸುದ್ದಿಯಿಂದ, ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಔಷಧಿ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ ಎಂಬುದು ನಾಡಿನ ಬಹುಮಂದಿಗೆ ತಿಳಿಯಿತು. ಕೆಲಸಕ್ಕೆ, ವ್ಯಾಪಾರಕ್ಕೆ, ಸಫಾರಿಗೆಂದು ಆ ಖಂಡಕ್ಕೆ ಹೋಗಿಬರುವ ಕನ್ನಡಿಗರು ಇನ್ನೂ ಇದ್ದಾರೆ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಇವರೂ ಹೋಗುವುದು ಪಕ್ಕದ ಬೀದಿಯ ಕ್ಲಿನಿಕ್ಕಿಗೇ. ‘ಎಷ್ಟು ದಿನದಿಂದ ಜ್ವರ?’ ಎಂದು ಕೇಳುವ ಹಾಗೆಯೇ ‘ಈಚೆಗೆ ಎಲ್ಲಿಗೆ ಹೋಗಿದ್ರಿ?’ ಎಂದೂ ಕೇಳಿ, ಉತ್ತರವನ್ನು ಒಪಿಡಿ ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಬೇಕು. ಯಾವ ಪರೀಕ್ಷೆ ಮಾಡಿಸಬೇಕು, ಅದರ ಫಲಿತಾಂಶವನ್ನು ಎಷ್ಟು ನಂಬಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಮಲೇರಿಯಾ ನಮಗೆ ಹೊಸದಲ್ಲವಲ್ಲ ಎನ್ನಬಹುದು. ಆದರೆ ಎರಿಟ್ರಿಯಾ, ಇಥಿಯೋಪಿಯಾ ಕಡೆಯ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿಗಳಲ್ಲಿ ಸಾಕಷ್ಟಕ್ಕೆ, ನಮ್ಮ ಸಾಮಾನ್ಯ ಪರೀಕ್ಷಾ ಕಿಟ್‌ಗಳು ಹುಡುಕುವ ಎಚ್‌ಆರ್‌ಪಿ-2 ಪ್ರೋಟೀನೇ ಇರುವುದಿಲ್ಲ. ಕಿಟ್ ‘ನೆಗೆಟಿವ್’ ಎಂದರೂ ಮಲೇರಿಯಾ ಇರಬಹುದು; ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು, ಸಂಶಯ ಉಳಿದರೆ ಮರುದಿನ ಮತ್ತೆ ನೋಡಬೇಕು. ಇನ್ನು ಮಲಾವಿ ಸರೋವರದಲ್ಲೋ ನೈಲ್ ನದಿಯ ಕಾಲುವೆಯಲ್ಲೋ ಈಜಿದವರ ಚರ್ಮವನ್ನು ಶಿಸ್ಟೊಸೋಮಾ ಹುಳುವಿನ ಮರಿ ಕೊರೆದು ಒಳಹೋಗುತ್ತದೆ. ಕೆಲವು ವಾರಗಳ ಮೇಲೆ ಜ್ವರ, ಕೆಮ್ಮು, ಮೈಮೇಲೆ ದದ್ದು. ರಕ್ತದಲ್ಲಿ ಇಯೊಸಿನೊಫಿಲ್ ಏರಿರುತ್ತದೆ. ನಮ್ಮಲ್ಲಿ ಅದನ್ನು ‘ಇಸ್ನೋಫಿಲಿಯಾ, ಅಲರ್ಜಿ’ ಎಂದು ಮಾತ್ರೆ ಬರೆದು ಕಳಿಸುವುದೇ ಸುಲಭ. ಆ ಹಂತದಲ್ಲಿ ಹುಳು ಇನ್ನೂ ಮೊಟ್ಟೆಯಿಟ್ಟಿರದೆ ಮೂತ್ರ, ಮಲ ಎರಡೂ ಚೊಕ್ಕಟವಾಗಿಯೇ ಕಾಣಬಹುದು. ಮುಂದೆ ಮೂತ್ರಕೋಶದ ಬಗೆ ಬೇರೂರಿದ ಮೇಲೂ ಮೂತ್ರ ಹಿಡಿಯಬೇಕಾದದ್ದು ಬೆಳಿಗ್ಗೆ ಎದ್ದ ಕೂಡಲೇ ಅಲ್ಲ, ಹತ್ತರಿಂದ ಎರಡು ಗಂಟೆಯೊಳಗೆ. ತುದಿಯಲ್ಲಿ ಚೂಪು ಮುಳ್ಳಿರುವ ಮೊಟ್ಟೆಗಳು ಹೆಚ್ಚು ಹೊರಬರುವುದು ಆ ಹೊತ್ತಿನಲ್ಲಿ. ಪ್ರಾಜಿಕ್ವಾಂಟೆಲ್ ಬಲಿತ ಹುಳುವನ್ನು ಕೊಲ್ಲುತ್ತದೆ, ಎಳೆಯದನ್ನು ಅಷ್ಟಾಗಿ ಅಲ್ಲ. ಈಜಿದ್ದು ಯಾವಾಗ ಎಂದು ತಿಳಿಯದೆ ಔಷಧಿಯ ವೇಳೆಯನ್ನೂ ಗೊತ್ತುಮಾಡಲಾಗದು.

ಇಷ್ಟೆಲ್ಲ ಯಾಕೆ, ಎಲ್ಲರಿಗೂ ಒಂದು ಜಂತುಹುಳದ ಮಾತ್ರೆ ಕೊಟ್ಟರಾಯಿತು ಎನ್ನುವವರಿದ್ದಾರೆ. ಇದು ಅಪಾಯದ ಮಾತು. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಹರಡುವ ಲೋವಾ ಲೋವಾ ಹುಳುವಿನ ಮರಿಗಳು ರಕ್ತದಲ್ಲಿ ತುಂಬಿರುವವರಿಗೆ ಐವರ್ಮೆಕ್ಟಿನ್ ಎಂಬ ಜಂತುಹುಳದ ಮಾತ್ರೆ ಕೊಟ್ಟರೆ ಮಿದುಳಿಗೇ ಪೆಟ್ಟು ಬೀಳಬಹುದು. ಸ್ಟ್ರಾಂಜಿಲಾಯ್ಡಿಸ್ ಹುಳುವಿಗೋ ಅದೇ ಐವರ್ಮೆಕ್ಟಿನ್ನೇ ಮದ್ದು, ಅಲ್ಲಿ ಜೀವ ತೆಗೆಯಬಹುದಾದದ್ದು ಅಲರ್ಜಿಯೆಂದು ಕೊಡುವ ಸ್ಟಿರಾಯ್ಡ್. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದಲ್ಲಿ ಸೆರೆಯಾಗಿದ್ದ ಬ್ರಿಟಿಷ್ ಸೈನಿಕರ ಹೊಟ್ಟೆಯಲ್ಲಿ ಈ ಹುಳು ದಶಕಗಳ ನಂತರವೂ ಸಿಕ್ಕಿದೆ. ನಮ್ಮ ನೆಲದಲ್ಲೂ ಇರುವ ಹುಳು ಇದು.

ಬೆಳಿಗ್ಗೆಯಿಂದ ನೂರು ಜನರನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಪುರುಸೊತ್ತಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅವರ ಮುಂದಿನ ಜ್ವರಗಳಲ್ಲಿ ಡೆಂಗಿ, ಟೈಫಾಯ್ಡ್‌ಗಳೇ ಹೆಚ್ಚು ಎಂಬುದೂ ನಿಜ. ಅದಕ್ಕೇ ಈ ಕೆಲಸವನ್ನು ಅವರ ತಲೆಗೆ ಕಟ್ಟಬೇಕಿಲ್ಲ. ಚೀಟಿ ಬರೆಯುವ ಕೌಂಟರಿನಲ್ಲೇ ಹೆಸರು, ವಯಸ್ಸಿನ ಜೊತೆ ದೇಶ, ಮರಳಿದ ತಿಂಗಳು ಬರೆದುಕೊಳ್ಳಲಿ. ‘ಆಫ್ರಿಕಾ’ ಎಂದು ಕಂಡರೆ ಡೆಂಗಿ ಪರೀಕ್ಷೆಯ ಜೊತೆಗೆ ರಕ್ತಲೇಪವೂ ಅಂದೇ ಆಗಲಿ. ಫಾಲ್ಸಿಪಾರಂ ನಾಳೆಯವರೆಗೆ ಕಾಯುವುದಿಲ್ಲ.