ಕಾವಲು ಮುಗಿದ ನಾಯಿಗೂ ತೋಟದಲ್ಲಿ ಪಾಲಿದೆ

ನಮ್ಮ ತೋಟಗಳ ಖರ್ಚಿನ ಪುಸ್ತಕ ತೆರೆದು ನೋಡಿದರೆ ಗೊಬ್ಬರ, ಮೈಲುತುತ್ತು, ಸುಣ್ಣ, ಆಳುಗಳ ಕೂಲಿ, ಬೇಲಿ, ಪಂಪಿನ ರಿಪೇರಿ ಎಲ್ಲದಕ್ಕೂ ಒಂದೊಂದು ಬಾಬು ಇರುತ್ತದೆ. ನಾಯಿಗೆ ಮಾತ್ರ ಇರುವುದಿಲ್ಲ. ಉಳಿದ ಅನ್ನ ಉಂಡು ಜಗಲಿಯ ಕೆಳಗೆ ಮಲಗುವ ಪ್ರಾಣಿಗೆ ಲೆಕ್ಕವೇಕೆ ಎಂದು ನಾವು ಭಾವಿಸಿದ್ದೇವೆ. ಆದರೆ ಅಂಗಳದಲ್ಲಿ ಹರಡಿದ ಅಡಿಕೆಯನ್ನೂ ಕಣದ ಕಾಫಿಯನ್ನೂ ರಾತ್ರಿಯೆಲ್ಲ ಕಾಯುವುದು, ಬಾಳೆಗೊನೆಗೆ ಬಂದ ಮಂಗಗಳನ್ನು ಅಟ್ಟುವುದು, ಹಂದಿ ನುಗ್ಗಿದಾಗ ಮೊದಲು ಕೂಗುವುದು ಆ ನಾಯಿಯೇ. ಹೀಗೆ ಹತ್ತು ವರ್ಷ ದುಡಿದ ಮೇಲೆ ಅದರ ಕಿವಿ ಮಂದವಾಗಿ, ಹಿಂಗಾಲು ಎಳೆಯತೊಡಗಿದಾಗ ಮನೆಯಲ್ಲಿ ಏಳುವ ಮಾತು ಒಂದೇ: "ಇದಕ್ಕೆ ವಯಸ್ಸಾಯಿತು, ಇನ್ನೊಂದು ಮರಿ ತರಬೇಕು." ಮರಿ ತರುವುದು ಸರಿಯೇ. ಹಳೆಯದರ ಗತಿಯೇನು?

ಕೆಲವರು ಅದನ್ನು ಕೊಟ್ಟಿಗೆಯ ಹಿಂದೆ ಕಟ್ಟಿ ಮರೆತುಬಿಡುತ್ತಾರೆ. ಇನ್ನು ಕೆಲವರು ಜೀಪಿನಲ್ಲಿ ಒಯ್ದು ಸಂತೆ ಬೀದಿಯಲ್ಲೋ ಘಾಟಿಯ ತಿರುವಿನಲ್ಲೋ ಇಳಿಸಿ ಬರುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅದೇ ಕಲಮಿನಲ್ಲಿ ಬರುತ್ತದೆ. ಕಾಯಿದೆಯ ಮಾತು ಹಾಗಿರಲಿ, ನಮ್ಮ ನಾಡಿನ ಪರಂಪರೆ ಏನು ಹೇಳುತ್ತದೆಂದು ನೋಡೋಣ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ವೀರಗಲ್ಲಿನ ಕಥೆ ಅನೇಕರಿಗೆ ಗೊತ್ತಿರಬಹುದು. ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ರಾಜನಿಂದ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೇ ದತ್ತಿ ಬಿಟ್ಟರು. ಹಂದಿಯ ಕಾಟ ಏನೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಂದಿಯೊಡನೆ ಹೋರಾಡಿ ಸತ್ತ ನಾಯಿಗೆ ನಮ್ಮ ಹಿರಿಯರು ಭೂಮಿ ಬಿಟ್ಟರೆ, ಹೋರಾಡಿ ಬದುಕಿ ಮುದಿಯಾದ ನಾಯಿಗೆ ನಾವು ಒಣಗಿದ ಒಂದು ಮೂಲೆಯನ್ನಾದರೂ ಕೊಡಬೇಡವೇ?

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕರುಣೆಯ ಕೊರತೆಗಿಂತ ತಿಳಿವಳಿಕೆಯ ಕೊರತೆಯೇ ಹೆಚ್ಚು. "ವಯಸ್ಸಾಯಿತು" ಎಂಬುದು ರೋಗದ ಹೆಸರಲ್ಲ. ಆ ಒಂದು ಮಾತಿನ ಅಡಿಯಲ್ಲಿ ನಾವು ಮುಚ್ಚಿಡುವ ಕಾಯಿಲೆಗಳಲ್ಲಿ ಅನೇಕಕ್ಕೆ ಔಷಧಿ ಇದೆ.

ಉಣುಗಿನ ಜ್ವರವನ್ನೇ ತೆಗೆದುಕೊಳ್ಳಿ. ನಾಯಿ ಮಂಕಾಗಿ ಊಟ ಬಿಡುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಬೇಗ ಚಿಕಿತ್ಸೆ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಆದರೆ ಉಣುಗು ಸಾಯಲೆಂದು ತೋಟಕ್ಕೆ ಹೊಡೆಯುವ ಕೀಟನಾಶಕವನ್ನೇ ನೀರಿಗೆ ಬೆರೆಸಿ ಮೈಗೆ ಹಚ್ಚುವವರಿದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ. ಉಣುಗಿನೊಡನೆ ನಾಯಿಯೂ ಹೋಗುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ ಬೆದೆಗೆ ಬಂದು ಒಂದೆರಡು ತಿಂಗಳೊಳಗೆ ವಿಪರೀತ ನೀರು ಕುಡಿದು, ಊಟ ಬಿಟ್ಟು, ವಾಂತಿ ಮಾಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಸಂಭವವಿದೆ. ಕೀವು ಹೊರಗೆ ಕಾಣಲೇಬೇಕೆಂದಿಲ್ಲ. ಇದಕ್ಕೆ ದಿನಗಟ್ಟಲೆ ಕಾಯುವಂತಿಲ್ಲ. ಕೂಡಲೇ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಉಳಿಯುತ್ತದೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸೋರುವ ಗಡ್ಡೆಯನ್ನು ಕಂಡು ಅನೇಕರು ಆಸೆ ಬಿಡುತ್ತಾರೆ. ವಾರಕ್ಕೊಂದರಂತೆ ಕೆಲವು ಇಂಜೆಕ್ಷನ್ ಕೊಟ್ಟರೆ ಅದೂ ಬಹುಪಾಲು ಗುಣವಾಗುತ್ತದೆ.

ಮಳೆಗಾಲದಲ್ಲಿ ಮುದಿ ನಾಯಿಗೆ ಇನ್ನೊಂದು ಶತ್ರು ಹುಳುಬಿದ್ದ ಗಾಯ. ಬೆನ್ನು ಬಗ್ಗದ ಕಾರಣ ಬಾಲದ ಬುಡ, ಕಿವಿ, ಕುತ್ತಿಗೆಯ ಗಾಯಗಳನ್ನು ಅದು ನೋಡಿಕೊಳ್ಳಲಾರದು. ವಾರಕ್ಕೊಮ್ಮೆ ಮೈ ತಡವಿ, ಕೂದಲು ಸರಿಸಿ ನೋಡುವ ಕೆಲಸ ನಮ್ಮದೇ. ಓಡಾಟ ಕಡಿಮೆಯಾದಾಗ ಉಗುರು ಸವೆಯದೆ ಬೆಳೆದು ಮಾಂಸಕ್ಕೆ ಚುಚ್ಚುವುದನ್ನೂ ಆಗಲೇ ಗಮನಿಸಬೇಕು.

ಕೀಲುನೋವಿಗೆ ಪೂರ್ಣ ಪರಿಹಾರವಿಲ್ಲ, ಉಪಶಮನವಿದೆ. ಸಿಮೆಂಟು ನೆಲದ ಥಂಡಿಗಿಂತ ಹಲಗೆಯ ಮೇಲೆ ಹಾಸಿದ ಎರಡು ಒಣ ಗೋಣಿಚೀಲ ಎಷ್ಟೋ ಮೇಲು. ಮೈತೂಕ ಇಳಿದರೆ ಕಾಲಿನ ಭಾರವೂ ಇಳಿಯುತ್ತದೆ. ಆದರೆ ನಮ್ಮ ಪೆಟ್ಟಿಗೆಯಲ್ಲಿರುವ ನೋವಿನ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಪಿತ್ತಜನಕಾಂಗಕ್ಕೆ ಅಪಾಯ. ನಾಯಿಗೆಂದೇ ಬೇರೆ ಔಷಧಿಗಳಿವೆ, ವೈದ್ಯರು ತೂಕ ನೋಡಿ ಕೊಡುತ್ತಾರೆ. ಇನ್ನು ಆಹಾರದ ಮಾತು. ಬರೀ ಅನ್ನ ಮಜ್ಜಿಗೆ ಸಾಲದು. ಮೊಟ್ಟೆಯೋ ಮುಳ್ಳು ತೆಗೆದ ಮೀನೋ ಸೇರಿಸಿ, ಹಲ್ಲು ಬಿದ್ದಿದ್ದರೆ ಮೆತ್ತಗೆ ಹಿಸುಕಿ, ದಿನಕ್ಕೆ ಎರಡು ಸಲ ಹಾಕಬೇಕು.

ಎಷ್ಟೇ ಮುದಿಯಾದರೂ ಬಿಡಬಾರದ್ದು ಹುಚ್ಚುನಾಯಿ ರೋಗದ ವಾರ್ಷಿಕ ಚುಚ್ಚುಮದ್ದು. "ಮನೆ ಬಿಟ್ಟು ಹೋಗುವುದಿಲ್ಲವಲ್ಲ" ಎಂದು ನಿಲ್ಲಿಸುವವರಿದ್ದಾರೆ. ರೋಗ ಹಿಡಿದ ನರಿ, ಬೀದಿನಾಯಿಗಳು ಅಂಗಳಕ್ಕೇ ಬರುತ್ತವೆ. ಕೆಳದವಡೆ ಜೋತು ಜೊಲ್ಲು ಸುರಿಸುವ ನಾಯಿಯ ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಎಂದಿಗೂ ಕೈ ಹಾಕಬೇಡಿ, ಅದು ಆ ರೋಗವೇ ಇರಬಹುದು. ಕಚ್ಚಿದರೆ, ಗೀರಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

"ಕೂಲಿ ಏರಿದೆ, ಮನುಷ್ಯರಿಗೇ ಆಸ್ಪತ್ರೆ ದೂರ, ನಾಯಿಗೆಲ್ಲಿಂದ?" ಎಂದು ಕೇಳುವವರನ್ನು ನಾನು ತಪ್ಪೆನ್ನಲಾರೆ. ಸಣ್ಣ ಬೆಳೆಗಾರನ ಕಷ್ಟ ಸುಳ್ಳಲ್ಲ. ಒಬ್ಬೊಬ್ಬರೇ ಬಾಡಿಗೆ ಗಾಡಿ ಮಾಡಿ ಪಟ್ಟಣಕ್ಕೆ ಒಯ್ಯುವುದು ಆಗದ ಮಾತು. ಆದ್ದರಿಂದಲೇ ಇದು ಸಂಘದ ಕೆಲಸವಾಗಬೇಕು. ಮೇ ತಿಂಗಳಲ್ಲಿ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಒಯ್ಯಲು ನಾವೆಲ್ಲ ಸಂಘದ ಗೋದಾಮಿಗೆ ಬರುತ್ತೇವೆ. ಆ ವಾರದಲ್ಲೇ ಒಂದು ದಿನ ಪಶುವೈದ್ಯರನ್ನು ಕರೆಸಿ ಚುಚ್ಚುಮದ್ದಿನ ಶಿಬಿರ ಮಾಡಿ, ಏಳೆಂಟು ವರ್ಷ ದಾಟಿದ ನಾಯಿಗಳ ತೂಕ, ಹಲ್ಲು, ಗಡ್ಡೆ, ಕಣ್ಣುಗಳನ್ನೂ ನೋಡಿಸಿದರೆ ಮಳೆ ಹಿಡಿಯುವ ಮೊದಲೇ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಖರ್ಚನ್ನು ಸದಸ್ಯರು ಹಂಚಿಕೊಂಡರೆ ಯಾರಿಗೂ ಭಾರವಾಗದು. ಬರುವ ಮಹಾಸಭೆಯಲ್ಲಿ ಈ ಸಲಹೆಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ.

ಕೊನೆಗೊಂದು ಕಹಿಯಾದ ಮಾತು. ಯಾವ ಔಷಧಿಗೂ ಬಗ್ಗದ ನೋವು ಬಂದು, ನಾಯಿ ಏಳಲಾರದೆ ತಿನ್ನಲಾರದೆ ನರಳುವಾಗ ಅದನ್ನು ಹಾಗೆಯೇ ಬಿಡುವುದು ದಯೆಯಲ್ಲ. ವೈದ್ಯರ ಇಂಜೆಕ್ಷನ್ನಿನಿಂದ ನೋವಿಲ್ಲದೆ ಕಣ್ಣು ಮುಚ್ಚಿಸುವ ಕ್ರಮವಿದೆ. ವಿಷದ ತುತ್ತು, ಹಗ್ಗ, ಕೋವಿ ಬೇಡ. ಆ ಹೊತ್ತಿನಲ್ಲಿ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ತಲೆ ಸವರುವುದು ತೋಟ ಕಾದವನಿಗೆ ನಾವು ಕೊಡಬೇಕಾದ ಕೊನೆಯ ಕೂಲಿ.