ಮಾತ್ರೆಗೆ ಭಾಷೆ ಬೇಕಿಲ್ಲ, ಮನಸ್ಸಿಗೆ ಬೇಕು!



ನನ್ನ ಓದು ಪಿಯುಸಿಗೆ ನಿಂತಿತು. ಪ್ರೆಸ್ಸೇ ನನ್ನ ಕಾಲೇಜು. ಅಲ್ಲಿ ಪ್ರೂಫ್ ನೋಡುವಾಗ ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ತಿದ್ದುತ್ತಾನೆ. ಒಂಟಿ ಕಣ್ಣಿಗೆ ಕಾಣದ ತಪ್ಪು ಇಬ್ಬರು ಕೂತರೆ ಸಿಕ್ಕಿಬೀಳುತ್ತದೆ. ಕೂಡಿ ಓದುವುದರ ಬಲ ಅದು.

ಈ ಬಲ ಮನಸ್ಸು ನೊಂದವರಿಗೂ ಆಗಿಬರುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ಕಡೆ ಜೇನ್ ಡೇವಿಸ್ ಎಂಬ ಸಾಹಿತ್ಯದ ಮೇಡಂ ಜನರನ್ನು ಕೂಡಿಸಿ ಕಥೆ, ಕವಿತೆ ಓದಿಸತೊಡಗಿದರು. 2008ರಲ್ಲಿ ಅದು 'ದಿ ರೀಡರ್' ಎಂಬ ಸೇವಾ ಸಂಸ್ಥೆಯಾಯಿತು. ಮಾನಸಿಕ ಆಸ್ಪತ್ರೆಯ ವಾರ್ಡುಗಳಿಗೂ, ಜೈಲುಗಳಿಗೂ ಹೋಯಿತು.

ಪದ್ಧತಿ ಬಹಳ ಸರಳ. ವಾರಕ್ಕೊಮ್ಮೆ ಕೆಲವರು ಸುತ್ತ ಕೂರುತ್ತಾರೆ. ಒಬ್ಬರು ನಿಧಾನವಾಗಿ ಓದುತ್ತಾರೆ. ನಡುನಡುವೆ ನಿಲ್ಲಿಸಿ ಮಾತಾಡುತ್ತಾರೆ. ಓದಲೇಬೇಕು, ಬಾಯಿ ಬಿಡಲೇಬೇಕು ಎಂಬ ಬಲವಂತವಿಲ್ಲ. 'ನಿನಗೇನಾಗಿದೆ?' ಎಂದು ಯಾರೂ ಕೆದಕುವುದಿಲ್ಲ. ಕಥೆಯೊಳಗಿನವನ ದುಃಖ ಮಾತಾಡುತ್ತಾ ಮಾತಾಡುತ್ತಾ ತನ್ನ ದುಃಖಕ್ಕೂ ಮಾತು ಸಿಗುತ್ತದೆ. ಇದು ಮಾತ್ರೆಗೆ ಬದಲಿಯಲ್ಲ, ಮಾತ್ರೆಯ ಜೊತೆಗಿನ ಊರುಗೋಲು.

ನಮ್ಮಲ್ಲಿ? ನನ್ನ ಬೈಂಡರ್‌ನ ಅಣ್ಣ ಇಂಥದೊಂದು ವಾರ್ಡಿನಲ್ಲಿದ್ದಾಗ ನೋಡಲು ಹೋಗಿದ್ದೆ. ಟಿವಿಯಲ್ಲಿ ಹಿಂದಿ ಧಾರಾವಾಹಿ. ಮೇಜಿನ ಮೇಲೆ ಹರಿದ ಇಂಗ್ಲಿಷ್ ಪತ್ರಿಕೆಗಳು. ಹಳ್ಳಿಯಿಂದ ಬಂದ ಆ ಮನುಷ್ಯ ಗೋಡೆ ನೋಡುತ್ತಾ ಕೂತಿದ್ದ. ಚೀಲದಲ್ಲಿದ್ದ ಕನ್ನಡ ಕಥೆಯೊಂದನ್ನು ಸುಮ್ಮನೆ ಗಟ್ಟಿಯಾಗಿ ಓದಿದೆ. ಪುಟ ಮುಗಿಸಿ ನಿಲ್ಲಿಸಿದಾಗ ಆತ ತಿರುಗಿ ಕೇಳಿದ: 'ಆಮೇಲೆ?'

ವಾಸಿಯಾಯಿತು ಎನ್ನುತ್ತಿಲ್ಲ. ಆದರೆ ದಿನಗಟ್ಟಲೆ ಮಾತು ಬಿಟ್ಟವನು ಮುಂದಿನದು ಏನೆಂದು ಕೇಳಿದನಲ್ಲ, ಅದು ಸಣ್ಣದೇ?

ನಮಗಿದು ಹೊಸದೂ ಅಲ್ಲ. ಗಮಕಿ ಭಾರತ ವಾಚಿಸಿದರೆ ಊರೇ ಜಗಲಿ ಮೇಲೆ ಕೂರುತ್ತಿದ್ದ ನಾಡಿದು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿಗೆ ಮನರಂಜನೆ, ಶಿಕ್ಷಣದ ಸೌಲಭ್ಯ ಹಕ್ಕು ಎನ್ನುತ್ತದೆ. ಚಿಕಿತ್ಸೆಯ ಮಾಹಿತಿ ಆತನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು ಎನ್ನುತ್ತದೆ. ಮಾಹಿತಿಗೆ ಭಾಷೆ ಬೇಕಾದರೆ ಸಾಂತ್ವನಕ್ಕೆ ಬೇಡವೇ?

ನಗರದ ಕನ್ನಡದ ಹುಡುಗ ಹುಡುಗಿಯರೇ, ಬೋರ್ಡು ಕನ್ನಡದಲ್ಲಿರಲಿ ಎಂದು ಬೀದಿಗಿಳಿಯುತ್ತೀರಿ, ಸರಿ. ವಾರಕ್ಕೊಂದು ಗಂಟೆ ವಾರ್ಡಿಗೂ ಕನ್ನಡ ಒಯ್ಯಿರಿ. ವೈದ್ಯರ ಒಪ್ಪಿಗೆ ಪಡೆಯಿರಿ. ಯಾವ ಕಥೆ ಹಿತ, ಯಾವುದು ಬೇಡ ಎಂದು ಅವರನ್ನೇ ಕೇಳಿ. 'ಹುಚ್ಚಾಸ್ಪತ್ರೆ' ಎಂಬ ಕೊಳಕು ಮಾತನ್ನು ಗೇಟಿನಾಚೆಯೇ ಬಿಸಾಕಿ. ದೊಡ್ಡಕ್ಷರದಲ್ಲಿ ಕಥೆ ಅಚ್ಚು ಹಾಕಿಕೊಡುವ ಖರ್ಚು ನನ್ನದು.

ಓದುವ ಗಂಟಲು ನಿಮ್ಮದಾಗಲಿ!